ಮಾರ್ಲಿಸ್‌ಳ ದರ

“ನಮ್ಮ ಕೈಯಿಂದ ಒಂದು ಕಾಸೂ ಹೋಗಿಲ್ಲ ಕಣೆ. ಹಾಕಿದ್ದೆಲ್ಲ ವಾಪಸ್ ಬಂದಿದೆ,” ಎಂದ ವರ್ಲಿನ್, ಟೋಸ್ಟಿಗೆ ಬೆಣ್ಣೆ ಸವರುತ್ತ.

ಅವನ ಹೆಂಡತಿ ಮಾರ್ಲಿಸ್ ಸಿಂಕಿನ ಮುಂದೆ ನಿಂತು ಪ್ರಚಾರಕ್ಕೆ ಒಯ್ದಿದ್ದ ಕಾಫಿ ಫ್ಲಾಸ್ಕುಗಳನ್ನು ತೊಳೆಯುತ್ತಿದ್ದಳು. ಅಮೆರಿಕದ ಅಯೋವಾ ರಾಜ್ಯದ ವಿಧಾನಸಭೆಗೆ ನಿಂತು ನೂರ ಹನ್ನೆರಡು ಮತಗಳಿಂದ ಸೋತಿದ್ದಳು. ಸಾವಿರಾರು ಮತಗಳಿಂದ ಸೋತಿದ್ದರೆ ನಿದ್ದೆಯಾದರೂ ಬರುತ್ತಿತ್ತು. ನೂರ ಹನ್ನೆರಡೆಂದರೆ ಅವಳ ಚರ್ಚಿನಲ್ಲಿ ಒಂದು ಭಾನುವಾರ ಸೇರುವ ಜನ. ಕಣ್ಣು ಮುಚ್ಚಿದರೆ ಸಾಕು, ಅವರ ಮುಖಗಳೇ ಬರುತ್ತಿದ್ದವು.

“ಹೇಗೆ ಬಂತು?” ಎಂದಳು ತಿರುಗದೆ. ಪ್ರಚಾರಕ್ಕೆ ಸುರಿದದ್ದು ಹೊಸ ಟ್ರ್ಯಾಕ್ಟರಿಗೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ದುಡ್ಡು. ಅದರ ಆಸೆಯನ್ನು ಅವಳು ಬಿಟ್ಟೇಬಿಟ್ಟಿದ್ದಳು.

“ಫೋನಿನಲ್ಲಿ ನಿನ್ನ ದರ ನೋಡ್ತಿದ್ಯಲ್ಲ, ಚುನಾವಣೆ ಮೇಲೆ ಬಾಜಿ ಕಟ್ಟೋ ಆ ಪೇಟೆ. ಅದರಲ್ಲಿ ನೀನು ಸೋಲ್ತೀಯ ಅನ್ನೋ ಕಡೆ ಹಾಕಿದ್ದೆ. ಗೆದ್ರೆ ಗೆದ್ದಿದ್ದೇ ಲಾಭ, ಸೋತ್ರೆ ದುಡ್ಡಾದ್ರೂ ಉಳೀತು. ಹೇಗೆ?”

ಅವನ ದನಿಯಲ್ಲಿ ಹೆಮ್ಮೆಯಿತ್ತು. ಪ್ರತಿ ವಸಂತದಲ್ಲೂ, ಮೆಕ್ಕೆಜೋಳ ಮೊಳಕೆಯೊಡೆಯುವ ಮುಂಚೆಯೇ, ಬೆಳೆಯ ಅರ್ಧವನ್ನು ವಾಯಿದಾ ಪೇಟೆಯಲ್ಲಿ ಇಂದಿನ ದರಕ್ಕೇ ಮಾರಿ ನೆಮ್ಮದಿಯಾಗಿ ಮಲಗುವ ಮನುಷ್ಯ ಅವನು. ನಾಳೆ ದರ ಬಿದ್ದರೂ ಮನೆ ಬೀಳಬಾರದು. ಹೊಲದ ಮೇಲೆ ಪ್ರೀತಿ ಇಡು, ನಂಬಿಕೆ ಇಡಬೇಡ ಎಂದು ಅವನಪ್ಪ ಹೇಳಿಕೊಟ್ಟಿದ್ದ.

“ಯಾವಾಗ ಹಾಕಿದೆ?”

“ಅಕ್ಟೋಬರಲ್ಲಿ. ಕೊಯ್ಲು ಮುಗೀತಲ್ಲ, ಆ ವಾರ.”

ಮಾರ್ಲಿಸ್ ನಲ್ಲಿ ನಿಲ್ಲಿಸಿದಳು.

ಆ ವಾರವನ್ನು ಅವಳು ಸಾಯುವವರೆಗೂ ಮರೆಯುವಂತಿರಲಿಲ್ಲ. ಅವಳು ಗೆಲ್ಲುತ್ತಾಳೋ ಇಲ್ಲವೋ ಎಂದು ಯಾರು ಬೇಕಾದರೂ ದುಡ್ಡು ಕಟ್ಟಬಹುದಾದ ಆ ಪೇಟೆಯಲ್ಲಿ ಅವಳ ಗೆಲುವಿನ ದರ ನೂರಕ್ಕೆ ಐವತ್ತೆಂಟು ಇತ್ತು, ಅಂದರೆ ಸೋಲಿಗಿಂತ ಗೆಲುವಿನ ಸಾಧ್ಯತೆಯೇ ಹೆಚ್ಚು. ಒಂದೇ ಸಂಜೆಯಲ್ಲಿ ಮೂವತ್ತನಾಲ್ಕಕ್ಕೆ ಕುಸಿಯಿತು. ಒಂದು ತಪ್ಪು ಮಾತಾಡಿರಲಿಲ್ಲ, ಒಂದು ಹಗರಣವಿರಲಿಲ್ಲ. ಮರುದಿನ ಪತ್ರಿಕೆಯವನು ಫೋನ್ ಮಾಡಿ, “ಏನಾದ್ರೂ ಹೊರಗೆ ಬರೋದಿದೆಯಾ ಮೇಡಂ?” ಎಂದು ನಯವಾಗಿ ಕೇಳಿದ. ಪಕ್ಷದ ಕಚೇರಿಯವರು, “ದರ ಬಿದ್ದಿದೆ ಅಂದ್ರೆ ಯಾರಿಗೋ ಏನೋ ಗೊತ್ತಿದೆ,” ಎಂದು ಅವಳ ಜಾಹೀರಾತಿನ ಹಣವನ್ನೂ ಪ್ರಚಾರದ ಹುಡುಗರನ್ನೂ ಪಕ್ಕದ ಕ್ಷೇತ್ರಕ್ಕೆ ಸಾಗಿಸಿದರು. ಅವತ್ತು ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಕ್ಕಿಬಿಕ್ಕಿ ಅತ್ತಿದ್ದಳು. “ನನ್ನ ಬಗ್ಗೆ ಯಾರಿಗೆ ಏನು ಗೊತ್ತು ವರ್ಲಿನ್? ನಾನೇನು ಮಾಡಿದೀನಿ?” ಅವನು ಬೆನ್ನು ಸವರಿ, ಪೇಟೆ ಅಂದಮೇಲೆ ಏರುತ್ತೆ, ಇಳಿಯುತ್ತೆ ಎಂದಿದ್ದ.

“ಅದು ನೀನು,” ಎಂದಳು ಈಗ. “ಅವತ್ತು ಬಿದ್ದಿದ್ದು ನಿನ್ನ ದುಡ್ಡಿಗೆ.”

“ಹುಚ್ಚಾ ನಿಂಗೆ? ನಾನೊಬ್ಬ ಹಾಕಿದ್ದಕ್ಕೆ ದರ ಬೀಳತ್ತಾ?” ಎಂದು ನಕ್ಕವನು ನಗುವನ್ನು ಅರ್ಧಕ್ಕೇ ನಿಲ್ಲಿಸಿದ. ಜೋಳದ ಪೇಟೆಗೆ ಅವನ ಇಡೀ ಬೆಳೆ ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದರೆ ಹೀಗೆ ಬೆರಳೆಣಿಕೆಯ ಜನ ಆಡುವ, ಒಬ್ಬನ ದುಡ್ಡಿಗೇ ದರ ಅಲ್ಲಾಡುವ ಪೇಟೆಯನ್ನು ಅವನು ಕಂಡೇ ಇರಲಿಲ್ಲ. ಬೆಣ್ಣೆಯ ಚಾಕು ಕೈಯಲ್ಲೇ ಉಳಿಯಿತು.

“ನಾನು ವೋಟು ಹಾಕಿದ್ದು ನಿಂಗೇ, ದೇವರಾಣೆ. ಜೋಳದ ಮೇಲೂ ಹೀಗೇ ಹಾಕ್ತೀನಲ್ಲ, ಹಾಗಂತ ಜೋಳ ಹಾಳಾಗ್ಲಿ ಅಂತೀನಾ?”

“ಜೋಳಕ್ಕೆ ಓದೋಕೆ ಬರಲ್ಲ ವರ್ಲಿನ್. ಬೆಳಗ್ಗೆ ಎದ್ದು ತನ್ನ ದರ ಎಷ್ಟಾಯ್ತು ಅಂತ ಅದು ನೋಡಲ್ಲ. ಅದರ ದರ ಬಿತ್ತು ಅಂತ ಮಳೆ, ಬಿಸಿಲು ಪಕ್ಕದ ಹೊಲಕ್ಕೆ ಹೋಗಲ್ಲ.”

ಅವನ ಮೇಲೆ ಅವಳಿಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಅದು ಅವಳಿಗೇ ಭಯ ಹುಟ್ಟಿಸಿತು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಆರ್ಡಿತ್ ಬಂದಳು. ಬೇಸಿಗೆಯುದ್ದಕ್ಕೂ ಮಾರ್ಲಿಸ್ ಜೊತೆ ಮನೆಮನೆ ಬಾಗಿಲು ತಟ್ಟಿ ಮಂಡಿ ಕೆಡಿಸಿಕೊಂಡ ನೆರೆಯಾಕೆ. ಕೈಯಲ್ಲಿ ಬಿಸಿ ಪಾತ್ರೆ. ಆಲೂಗಡ್ಡೆ, ಮಾಂಸ, ಮೇಲೆ ಚೀಸ್.

“ಸತ್ತೋರ ಮನೆಗೆ ತರೋ ಹಾಗೆ ತಂದಿದೀನಿ, ಬೈಬೇಡ ಕಣೆ. ಬೇರೆ ಅಡುಗೆ ನಂಗೆ ಬರಲ್ಲ.” ತಾನೇ ತಟ್ಟೆ ತೆಗೆದು ವರ್ಲಿನ್‌ಗೆ ಬಡಿಸಿದಳು. “ತಿನ್ನು, ಮುಖ ನೋಡು ಹೇಗಾಗಿದೆ! ಪಾಪ, ಇವಳಿಗಿಂತ ನಿಂಗೇ ಹೆಚ್ಚು ನೋವಾಗಿದೆ.”

ವರ್ಲಿನ್ ತಲೆ ತಗ್ಗಿಸಿ ಚಮಚ ಎತ್ತಿಕೊಂಡ.

“ನಾನು ಹೇಳ್ತೀನಿ ಕೇಳು, ನಮ್ಮನ್ನ ಸೋಲಿಸಿದ್ದು ವೋಟಲ್ಲ, ಆ ದರ. ಅವತ್ತು ಅದನ್ನ ಬೀಳಿಸಿದ್ನಲ್ಲ ಮುಂಡೇಮಗ, ಅವನ ಮನೆ ಹಾಳಾಗ! ಯಾರೋ ಒಳಗಿನವನೇ ಇರ್ಬೇಕು. ಬೇಲಿನೇ ಎದ್ದು ಹೊಲ ಮೇಯ್ದಿದೆ. ನಿಂಗೆ ಯಾರ ಮೇಲಾದ್ರೂ ಅನುಮಾನ ಇದೆಯಾ ಮಾರ್ಲಿಸ್?”

ಚಮಚ ತಟ್ಟೆಗೆ ತಾಗುವ ಸದ್ದು ಕೇಳಿಸುತ್ತಿತ್ತು. ಮಾರ್ಲಿಸ್ ಫ್ಲಾಸ್ಕನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ, ತಾನೂ ಅವನ ಪಾಲುದಾರಳೇ.

“ಇಲ್ಲ,” ಎಂದಳು.

ಆರ್ಡಿತ್ ನಿಟ್ಟುಸಿರಿಟ್ಟು ಕೋಟು ಎಳೆದುಕೊಂಡಳು. ಊರಿನ ಆಸ್ಪತ್ರೆ ಹೆರಿಗೆ ವಾರ್ಡನ್ನು ಮುಚ್ಚಿದ್ದಕ್ಕೇ ಮಾರ್ಲಿಸ್ ಚುನಾವಣೆಗೆ ನಿಂತದ್ದು. ಮೂವತ್ತು ವರ್ಷ ಅಲ್ಲೇ ನರ್ಸಾಗಿದ್ದವಳು. “ನಮ್ಮ ಮೊಮ್ಮಗಳು ಟೆಸ್ಸಾಗೆ ಜನವರಿಯಲ್ಲಿ ಹೆರಿಗೆ,” ಎಂದಳು ಆರ್ಡಿತ್. “ನೀನು ಗೆದ್ರೆ ಏನೋ ಒಂದು ದಾರಿಯಾಗತ್ತೆ ಅಂದ್ಕೊಂಡಿದ್ವಿ. ಈಗ ಅರವತ್ತು ಮೈಲಿ ಹೋಗ್ಬೇಕು, ಆ ಹಿಮದಲ್ಲಿ. ಕಾರಲ್ಲಿ ಅವಳ ಪಕ್ಕ ಕೂತ್ಕೊಳ್ಳೋಕೆ ನೀನು ಬರ್ತೀಯಾ? ದಾರೀಲೇ ಆಗ್ಬಿಟ್ರೆ ನಂಗೇನೂ ತಿಳಿಯಲ್ಲಮ್ಮ.”

“ಬರ್ತೀನಿ ಆರ್ಡಿತ್.”

ಆರ್ಡಿತ್‌ಳ ಕಾರು ಹೊರಟಿತು. ಹೆದ್ದಾರಿ ಸೇರುವ ತಿರುವಿನಲ್ಲಿ, ಮಾರ್ಲಿಸ್‌ಳ ಹೆಸರಿನ ಪ್ರಚಾರದ ಫಲಕ ಗಾಳಿಗೆ ವಾಲಿಕೊಂಡಿತ್ತು. ಅಲ್ಲಿ ಕಾರು ನಿಂತಿತು. ಆರ್ಡಿತ್ ಇಳಿದಳು. ಕೆಟ್ಟ ಮಂಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಫಲಕವನ್ನು ನೆಟ್ಟಗೆ ನಿಲ್ಲಿಸಿ, ಬುಡದ ಮಣ್ಣನ್ನು ಬೂಟಿನಿಂದ ಗಟ್ಟಿಯಾಗಿ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು ನೇರವಾಗಿದೆಯೇ ಎಂದು ನೋಡಿದಳು.

ಮಾರ್ಲಿಸ್ ಸಿಂಕಿನ ಮೇಲಿನ ಕಿಟಕಿಯಿಂದ ಅದನ್ನು ನೋಡುತ್ತ ನಿಂತಿದ್ದಳು. ಅವಳ ಬೆನ್ನ ಹಿಂದೆ ಚಮಚದ ಸದ್ದು ನಿಂತಿತ್ತು.