ರೇಣವ್ವನ ಬಲಗಣ್ಣು

ಈಗೀಗ ಜವಳವಿರಲಿ, ನಿಶ್ಚಯವಿರಲಿ, ತಲೆಯ ಮೇಲೆ ಡ್ರೋನ್ ಗುಂಯ್‌ಗುಡದ ಕಾರ್ಯಕ್ರಮ ಸಿಗುವುದು ಕಷ್ಟ. ಹಾರಿಸುವವರ ಕೈಯಲ್ಲಿ ರಿಮೋಟ್ ಇರುತ್ತದೆ. ಕೆಳಗೆ ಊಟಕ್ಕೆ ಕೂತವರ ಕೈಯಲ್ಲಿ ಏನೂ ಇರುವುದಿಲ್ಲ. ಖಾನಾಪುರದ ರೇಣವ್ವನ ಕೈಯಲ್ಲಿ ಅವತ್ತು ಹುಗ್ಗಿಯ ಬೋಗುಣಿ ಇತ್ತು.

ಬೆಳಗಾವಿಯ ಖಾಸಬಾಗದಲ್ಲಿ ಶಶಿಧರನಿಗೆ ಒಂದು ಸಣ್ಣ ಬಟ್ಟೆ ಅಂಗಡಿ ಇದೆ. ಖಾನಾಪುರದ ಹೊರಗೆ ಹೊಲದ ಮನೆಯಲ್ಲಿರುವ ರೇಣವ್ವ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಹನ್ನೆರಡು ವರ್ಷಗಳಿಂದ ಆ ಕೌದಿಗಳು ಮಾರಾಟವಾಗುತ್ತಿದ್ದುದು ಇದೇ ಅಂಗಡಿಯಲ್ಲಿ. ಶಶಿಧರ ಅವಳನ್ನು ಚಿಕ್ಕಮ್ಮನಂತೆ ಕಂಡು ಕಾಕು ಎಂದೇ ಕರೆಯುತ್ತಿದ್ದ.

ಒಂದು ದಿನ ರೇಣವ್ವನ ಮಗಳು ತ್ರಿವೇಣಿ ಕೌದಿಗಳನ್ನು ಕೊಡಲು ಅಂಗಡಿಗೆ ಬಂದಳು. ತ್ರಿವೇಣಿ ಮಹಿಳಾ ಸಂಘದ ಮೂಲಕ ತರಬೇತಿ ಪಡೆದು, ಹೊಲಗಳಿಗೆ ಔಷಧಿ ಸಿಂಪಡಿಸುವ ಡ್ರೋನ್ ನಡೆಸುತ್ತಾಳೆ. ಶಶಿಧರ ಖುಷಿಯಿಂದ ಒಂದು ಪೆಟ್ಟಿಗೆ ತೆರೆದು ತೋರಿಸಿದ. ಒಳಗೆ ಅಂಗೈಯಗಲದ ಹೊಸ ಡ್ರೋನ್ ಇತ್ತು.

"ನೋಡ ತ್ರಿವೇಣಿ, ಬರೂ ಐತವಾರ ನಿಮ್ಮ ಹೊಸ ಬಾವಿ ಪೂಜಾಕ್ಕ ಇದನ್ನ ತರತೀನಿ. ಹೊಲ, ಬಾವಿ, ಮಂದಿ ಎಲ್ಲಾ ಮ್ಯಾಲಿಂದ ಕಾಣಬೇಕ."

"ಎಷ್ಟ ಸಲ ಹಾರಿಸೀರಿ ಅಣ್ಣಾರ?"

"ಇನ್ನೂ ಎಲ್ಲಿ? ನಿನ್ನಿ ಬಂದೈತಿ. ಸಂಜಿಕ ಮಾಳಿಗಿ ಮ್ಯಾಲ ಒಂದ್ ಕೈ ನೋಡಾವ."

"ಮಾಳಿಗಿ ಮ್ಯಾಲ ಬ್ಯಾಡ್ರಿ. ಆ ಕಡೆ ಸಾಂಬ್ರಾದಾಗ ವಿಮಾನ ಇಳಿತಾವ. ಎಲ್ಲಿ ಹಾರಿಸಬೇಕು, ಎಲ್ಲಿ ಹಾರಿಸಬಾರದು ಅಂತ ಸರಕಾರದ ನಕಾಶೆ ಐತಿ, ಫೋನಿನ್ಯಾಗ ಸಿಗತೈತಿ. ಮೊದಲ ಅದನ್ನ ನೋಡ್ರಿ. ಮತ್ತ ಮೊದಲನೇ ಸಲ ಮಂದಿ ನಡುವ ಹಾರಿಸಬ್ಯಾಡ್ರಿ. ಒಂದ್ ಮುಂಜಾನಿ ಬರ್ರಿ, ನಮ್ಮ ಖಾಲಿ ಹೊಲದಾಗ ನಾನ ಕಲಸ್ತೀನಿ."

ಶಶಿಧರ ನಕ್ಕ. "ನಿಂದು ದೊಡ್ಡ ಮಶೀನ, ತಂಗಿ. ಇದು ಕಾಲ್ ಕಿಲೋ ಸೈತ ತೂಗಂಗಿಲ್ಲ. ಆಟಗಿ ಸಾಮಾನ ಇದು."

"ಹಗರ ಐತಿ ಖರೇ. ರೆಕ್ಕಿ ತಿರಗೂ ಜೋರ ನೋಡೀರೇನ?"

ಪಕ್ಕದಲ್ಲಿದ್ದ ಶಶಿಧರನ ಹೆಂಡತಿ ನೇತ್ರಾ ಕೂಡ ಹೇಳಿದಳು, "ಒಂದಿನ ಹೋಗಿ ಕಲತ ಬರ್ರಿ. ಏನ್ ಕಳಕೊಳ್ಳೂದೈತಿ?"

"ವಿಡಿಯೋದಾಗ ಎಲ್ಲಾ ನೋಡೀನಿ ಬಿಡ," ಎಂದು ಶಶಿಧರ ಪೆಟ್ಟಿಗೆ ಮುಚ್ಚಿದ. ಮಾಳಿಗೆಯ ಮೇಲೆ ಮಾತ್ರ ಹಾರಿಸಲಿಲ್ಲ. ಅಷ್ಟು ಮಾತು ಕೇಳಿದೆನಲ್ಲ, ಸಾಕು ಅಂದುಕೊಂಡ.

ಐತವಾರ ಹೊಲದ ಮನೆಯಲ್ಲಿ ಅರವತ್ತು ಜನ ಸೇರಿದ್ದರು. ರೇಣವ್ವನ ಗಂಡ ಭರಮಣ್ಣ ಹೊಸ ರುಮಾಲು ಸುತ್ತಿ ಬಾವಿಯ ನೀರನ್ನು ಎಲ್ಲರಿಗೂ ತೋರಿಸುತ್ತಿದ್ದ. ಶಶಿಧರ ಅಂಗಳದ ನಡುವೆ ಡ್ರೋನ್ ಇಟ್ಟು, ಮನೆಯ ಕಟ್ಟೆ ಹತ್ತಿ ನಿಂತು ಮೇಲಕ್ಕೆ ಎಬ್ಬಿಸಿದ. ಅದು ಸಲೀಸಾಗಿ ಏರಿತು. ಜನ ಕೈ ಬೀಸಿದರು. ಶಶಿಧರನಿಗೆ ಧೈರ್ಯ ಬಂತು. ಹೊಲದಾಚೆಗೂ ಕಳಿಸಿದ.

ಅಷ್ಟರಲ್ಲಿ ಡ್ರೋನ್ ಎದ್ದ ಅಂಗಳದಲ್ಲೇ ಜಮಖಾನೆ ಹಾಸಿ ಹೆಂಗಸರ ಪಂಕ್ತಿ ಕೂಡಿಸಿದರು. ಶಶಿಧರ ಅದನ್ನು ನೋಡಲಿಲ್ಲ. ಅವನ ಕಣ್ಣು ಫೋನಿನ ಪರದೆಯ ಮೇಲಿತ್ತು.

ರಿಮೋಟ್ ಕೂಗತೊಡಗಿತು. ಬ್ಯಾಟರಿ ಇಳಿದಿತ್ತು. ಇಂಥ ಡ್ರೋನುಗಳು ಬ್ಯಾಟರಿ ತೀರುತ್ತ ಬಂದಾಗ ಯಾರ ಮಾತಿಗೂ ಕಾಯದೆ, ಎದ್ದ ಜಾಗಕ್ಕೇ ತಾವಾಗಿ ಮರಳಿ ಇಳಿಯುತ್ತವೆ. ಶಶಿಧರನಿಗೆ ಇದು ಗೊತ್ತಿರಲಿಲ್ಲ. ಡ್ರೋನ್ ಅವನ ಕಡೆಗೇ ಮುಖ ಮಾಡಿ ಬಂದು, ಪಂಕ್ತಿಯ ಅಂಚಿನಲ್ಲಿ ಇಳಿಯತೊಡಗಿತು.

ಬಡಿಸುತ್ತಿದ್ದ ತ್ರಿವೇಣಿ ಕೂಗಿದಳು, "ಏಳ್ರಿ ಅಲ್ಲಿಂದ! ಎಲ್ಲಾರೂ ಏಳ್ರಿ! ಅಣ್ಣಾರ, ಅದನ್ನ ಮ್ಯಾಲ ಒಯ್ರಿ!"

ಶಶಿಧರನ ಎಡಕ್ಕೆ ಜಾಗ ಖಾಲಿ ಇತ್ತು. ಗಾಬರಿಯಲ್ಲಿ ರಿಮೋಟಿನ ಕೋಲನ್ನು ಎಡಕ್ಕೆ ಒತ್ತಿದ. ಆದರೆ ಡ್ರೋನ್ ನಮ್ಮತ್ತ ಮುಖ ಮಾಡಿದಾಗ ಅದರ ಎಡ ನಮಗೆ ಬಲವಾಗುತ್ತದೆ. ಅದು ನೇರ ಪಂಕ್ತಿಗೇ ನುಗ್ಗಿತು. ಬಗ್ಗಿ ಹುಗ್ಗಿ ಬಡಿಸುತ್ತಿದ್ದ ರೇಣವ್ವ ಸದ್ದು ಕೇಳಿ ತಲೆ ಎತ್ತಿದಳು.

"ಯವ್ವಾ" ಎಂದದ್ದು ಒಂದೇ ಸಲ. ಬೋಗುಣಿ ಬಿತ್ತು. ಬಲಗಣ್ಣು ಮುಚ್ಚಿಕೊಂಡ ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು.

ಭರಮಣ್ಣ ರುಮಾಲು ಬಿಚ್ಚಿ ಒತ್ತಲು ಹೋದ. ತ್ರಿವೇಣಿ ಅವನ ಕೈ ಹಿಡಿದಳು. "ಕಣ್ಣ ಒತ್ತಬ್ಯಾಡ ಅಪ್ಪಾ. ನೀರೂ ಹಾಕಬ್ಯಾಡ." ಒಂದು ಹೊಸ ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಬೋರಲು ಹಿಡಿದು, ತಾಯಿಯನ್ನು ಊಟಕ್ಕೆ ಬಂದಿದ್ದವರೊಬ್ಬರ ಜೀಪಿನಲ್ಲಿ ಕೂಡಿಸಿಕೊಂಡು ಬೆಳಗಾವಿಗೆ ಓಡಿದಳು. ಶಶಿಧರ ಹಿಂದಿನ ಸೀಟಿನಲ್ಲಿ ಕೂತಿದ್ದ.

ಡಾಕ್ಟರು ನೋಡಿ ಹೊರಗೆ ಬಂದರು. "ಕಣ್ಣಿನ ಗುಡ್ಡೆ ಸೀಳೈತಿ. ಹೊಲಿಗಿ ಹಾಕ್ತೀವಿ. ನೋಟ ಬರತೈತಿ ಅಂತ ಹೇಳಾಕಾಗೂದಿಲ್ಲ."

ಎರಡು ಸಲ ಆಪರೇಶನ್ ಆಯಿತು. ನೋಟ ಬರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ನೇತ್ರಾ ಗಂಡನನ್ನು ಹೊರಡಿಸಿಕೊಂಡು ಹೊಲದ ಮನೆಗೆ ಹೋದಳು. ಭರಮಣ್ಣ ಇವರನ್ನು ಕಂಡವನೇ ಎದ್ದು ಕುರಿದೊಡ್ಡಿಯ ಕಡೆ ನಡೆದ. ಕುಂದರ್ರಿ ಎನ್ನಲಿಲ್ಲ. ರೇಣವ್ವ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಪ್ರತಿ ಸಲವೂ ಸೂಜಿಯ ಪಕ್ಕದಿಂದ ಹಾದುಹೋಗುತ್ತಿತ್ತು.

"ಇಲ್ಲೇ ಐತಿ ಅನಸ್ತೈತಿ ತಮ್ಮಾ. ಹಿಡಿಯಾಕ ಹೋದ್ರ ಬಾಜೂಕ ಇರತೈತಿ," ಎಂದಳು.

ಶಶಿಧರ ಅವಳ ಕಾಲ ಬಳಿ ಕುಸಿದ. "ತಪ್ಪಾತ ಕಾಕು. ಇವತ್ತ ಹೋಗಿ ಆ ಮಶೀನ ಒಡದ ಹಾಕ್ತೀನಿ."

"ಒಡದ್ರ ನನ್ನ ಕಣ್ಣ ಬರತೈತೇನ?"

ರೇಣವ್ವ ಸೂಜಿ ದಾರ ಪಕ್ಕಕ್ಕಿಟ್ಟಳು.

"ನಿಂದೊಂದ ಒಡದ್ರ ಪ್ಯಾಟಿ ಅಂಗಡ್ಯಾಗ ಇನ್ನೂ ನೂರ ಅದಾವಂತ. ಅವನ್ನ ಕೊಂಡಾವರಿಗೆ ಯಾರ ಹೇಳಾವರ? ನೀನ ಹೇಳ."

ಹೇಳುವ ಸಂದರ್ಭ ಬೇಗ ಬಂತು. ಹಿಂದವಾಡಿಯಲ್ಲಿರುವ ನೇತ್ರಾಳ ತಮ್ಮ ಓಂಕಾರ ಮನೆಗೆ ಬಂದು ಡ್ರೋನ್ ಕೇಳಿದ. "ಮಾಮಾ, ನೀವಂತೂ ಇನ್ನ ಅದನ್ನ ಮುಟ್ಟಂಗಿಲ್ಲ. ನನಗ ಕೊಡ್ರಿ. ನಿಮ್ಮ ನಸೀಬ ಕೆಟ್ಟಿತ್ತು. ನಾ ಹುಷಾರ ಇರತೀನಿ."

"ನಸೀಬ ಅಲ್ಲೋ, ನಾನ ಕಲೀಲಿಲ್ಲ," ಎಂದ ಶಶಿಧರ. "ನಾನೂ ನಿನ್ನಂಗ ಮಾತಾಡಿದ್ನಿ. ನಡಿ, ಖಾನಾಪುರಕ್ಕ ಹೋಗೂಣು."

ಮುಂಜಾನೆ ತ್ರಿವೇಣಿ ಇಬ್ಬರನ್ನೂ ಕೊಯ್ಲಾದ ಖಾಲಿ ಹೊಲಕ್ಕೆ ಕರೆದೊಯ್ದಳು. ಮೊದಲು ಫೋನಿನಲ್ಲಿ ನಕಾಶೆ ತೆಗೆದು, ಆ ಜಾಗ ಹಾರಿಸಲು ಅಡ್ಡಿಯಿಲ್ಲದ ಹಸಿರು ಬಣ್ಣದಲ್ಲಿದೆ ಎಂದು ತೋರಿಸಿದಳು. ರೆಕ್ಕೆಗಳ ಮೇಲೆ ಬೆರಳಾಡಿಸಿದಳು. ಒಂದರ ಅಂಚು ಮುಕ್ಕಾಗಿತ್ತು, ಕಿತ್ತು ಹೊಸದು ಹಾಕಿಸಿದಳು. ಬ್ಯಾಟರಿ ಉಬ್ಬಿದೆಯೇ ನೋಡಿದಳು.

"ಇಷ್ಟೆಲ್ಲಾ ಯಾಕ್ರೀ? ಏಳಸೂಣು," ಎಂದ ಓಂಕಾರ.

"ತಡೀರಿ. ಉಪಗ್ರಹದ ಸಿಗ್ನಲ್ ಪೂರಾ ಹತ್ತಲಿ. ಆಗ ಅದಕ್ಕ ತಾ ತಿರಗಿ ಬರೂ ಮನಿ ಎಲ್ಲೈತಿ ಅನ್ನೂದ ಗೊತ್ತಾಕೈತಿ. ಎದ್ದ ಜಾಗಾ ಇಳಿಯೂ ತನಕಾ ಖಾಲಿ ಇರಬೇಕ. ಅರ್ಧಾ ಬ್ಯಾಟರಿ ಆದಕೂಡ್ಲೆ ತಿರಗಿ ಕರಸ್ರಿ, ಅದು ಕೂಗೂ ತನಕಾ ಕಾಯಬ್ಯಾಡ್ರಿ. ಇವತ್ತ ನಿಮ್ಮ ತಲಿಗಿಂತ ಸ್ವಲ್ಪ ಎತ್ತರ ಅಷ್ಟ. ಬಾಲ ನಿಮ್ಮ ಕಡೆ ಇರಲಿ."

ಸ್ವಲ್ಪ ಹೊತ್ತು ಓಂಕಾರ ಚೆನ್ನಾಗಿಯೇ ಹಾರಿಸಿದ. ಆಮೇಲೆ ತ್ರಿವೇಣಿ ಡ್ರೋನಿನ ಮುಖವನ್ನು ಅವನತ್ತ ತಿರುಗಿಸಲು ಹೇಳಿದಳು. "ಈಗ ಆ ಕಲ್ಲಿನ ಕಡೆ ಒಯ್ರಿ."

ಕಲ್ಲು ಎಡಕ್ಕಿತ್ತು. ಓಂಕಾರ ಎಡಕ್ಕೆ ಒತ್ತಿದ. ಡ್ರೋನ್ ಬಲಕ್ಕೆ ಹಾರಿ, ಬರಿ ನೆಲದ ಮೇಲೆ ಅಪ್ಪಳಿಸಿ ಮಣ್ಣು ಎರಚಿತು.

"ಹುಷಾರ ಇದ್ರಲ್ಲ?" ಎಂದಳು ತ್ರಿವೇಣಿ, ಮೆಲ್ಲಗೆ. "ಅವತ್ತ ಅಲ್ಲಿ ನಮ್ಮವ್ವ ಇದ್ಲು. ಇವತ್ತ ಅಲ್ಲಿ ಯಾರೂ ಇಲ್ಲ. ಅಷ್ಟ ಫರಕ."

ಓಂಕಾರ ರಿಮೋಟನ್ನು ಅವಳ ಕೈಗೆ ಕೊಟ್ಟ. "ನಾ ಎಷ್ಟ ದಿನಾ ಬರಬೇಕ್ರಿ ಅಕ್ಕಾರ?"

"ಕೈಗೆ ರೂಢಿ ಆಗೂ ತನಕಾ ಬರ್ರಿ."

ಅವನು ಎಂಟು ಮುಂಜಾನೆ ಬಂದ. ಶಶಿಧರನೂ ಜೊತೆಗೆ ಬಂದು ಕಲಿತ. ಭರಮಣ್ಣ ಇವತ್ತಿಗೂ ಶಶಿಧರನ ಜೊತೆ ಮಾತಾಡುವುದಿಲ್ಲ. ರೇಣವ್ವ ಕೌದಿ ಬಿಟ್ಟಿದ್ದಾಳೆ. ಬಾವಿಗೆ ಹೋಗುವಾಗ ಬಲಗಡೆ ಕಾಣದೆಂದು ಗೋಡೆ ಹಿಡಿದು ನಡೆಯುತ್ತಾಳೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಒಂದು ಡ್ರೋನ್ ಬಂದಿರಬಹುದು. ಹಾರಿಸಬೇಡಿ ಎನ್ನುತ್ತಿಲ್ಲ, ಕಲಿತು ಹಾರಿಸಿ. ನಿಯಮಗಳು ಬದಲಾಗುತ್ತವೆ, ಆದ್ದರಿಂದ ನೋಂದಣಿ ಬೇಕೇ, ನಿಮ್ಮ ಜಾಗ ನಕಾಶೆಯಲ್ಲಿ ಹಸಿರಿದೆಯೇ ಎಂದು ಹಾರಿಸುವ ದಿನವೇ ಸರಕಾರದ ಜಾಲತಾಣದಲ್ಲಿ ನೋಡಿ. ಗಾಳಿ ಜೋರಿದ್ದರೆ ಪೆಟ್ಟಿಗೆ ತೆರೆಯಬೇಡಿ. ಡ್ರೋನ್ ನಿಮ್ಮ ಕಣ್ಣಳತೆಯಲ್ಲೇ ಇರಲಿ. ತಿರುಗುವ ರೆಕ್ಕೆಗೆ ಕೈ ಒಡ್ಡಬೇಡಿ. ಜನರ ತಲೆಯ ಮೇಲೆ ಎಂದೂ ಒಯ್ಯಬೇಡಿ.

ಕೆಳಗೆ ಕೂತವರಿಗೂ ಒಂದು ಮಾತು. ನಿಮ್ಮ ಪಂಕ್ತಿಯ ಮೇಲೆ ಯಾರಾದರೂ ಡ್ರೋನ್ ತಂದರೆ, ನಮ್ಮ ನೆಂಟರಲ್ಲವೇ, ಏನಂದುಕೊಂಡಾರು ಎಂದು ಸುಮ್ಮನಿರಬೇಡಿ. ಮಕ್ಕಳನ್ನು ಕರೆದುಕೊಂಡು ಎದ್ದು ದೂರ ಹೋಗಿ, ಅದನ್ನು ಖಾಲಿ ಜಾಗಕ್ಕೆ ಒಯ್ದು ಇಳಿಸಿ ಎಂದು ಗಟ್ಟಿಯಾಗಿ ಹೇಳಿ.