ಅರ್ಧ ಮುಚ್ಚಿದ ಬಾಗಿಲಿನ ಪುಸ್ತಕ

ನಾನು ಒಂದು ಪುಸ್ತಕ. ಅದರಲ್ಲೂ ಕೊಲೆಯ ಪುಸ್ತಕ. ಹೆಸರು ‘ಹಾರ್ಮೋನಿಯಂ ಹಂತಕ’. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಹಾಗೆ ಸಿಂಡರಿಸಿದವರೆಲ್ಲ ಆಮೇಲೆ ನನ್ನನ್ನು ದಿಂಬಿನ ಕೆಳಗಿಟ್ಟುಕೊಂಡು ಓದಿದ್ದಾರೆ, ನನಗೆ ಗೊತ್ತಿಲ್ಲವೇ!

ಹುಟ್ಟಿದ್ದು ಗದಗಿನ ಒಂದು ಮುದ್ರಣಾಲಯದಲ್ಲಿ. ಮುಖಪುಟದ ಮೇಲೆ ಹಾರ್ಮೋನಿಯಂ, ಅದರ ಮೇಲೊಂದು ಕೈ, ಬೆರಳ ತುದಿಯಲ್ಲಿ ಕೆಂಪು. ಆ ಕೆಂಪು ಸರಿಯಾಗಿ ಒಣಗಿರಲಿಲ್ಲ. ಬೈಂಡರ್ ತನ್ನ ಹೆಬ್ಬೆರಳು ನೋಡಿಕೊಂಡು, "ಏ, ನನಗೂ ಹತ್ತಿಸಿತಲ್ಲೋ ಇದು!" ಎಂದು ಪಂಚೆಗೆ ಒರೆಸಿಕೊಂಡ. ನನ್ನ ಬಗ್ಗೆ ಬಂದ ಮೊದಲ ವಿಮರ್ಶೆ ಅದು.

ಬರೆದವರು ವಾಮನ ಹುದ್ದಾರ. ಪತ್ರಿಕೆಯಲ್ಲಿ ಅಪರಾಧದ ವರದಿ ಬರೆಯುತ್ತಿದ್ದವರು. ನನ್ನೊಳಗಿನ ಕಥೆ ಊರಲ್ಲಿ ನಡೆದದ್ದೇ. ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಮಾರ್ತಾಂಡಪ್ಪ ಎಂಬ ಮೆತ್ತಗಿನ ದನಿಯ ಮನುಷ್ಯ ನೀಲವ್ವನ ಖಾನಾವಳಿಯಲ್ಲಿ ದಿನಾ ಉಣ್ಣುತ್ತಿದ್ದ. ಒಂದು ಮಧ್ಯಾಹ್ನ ಅವಳ ಕೈಯ ಬಂಗಾರದ ಪಾಟ್ಲಿಗಳ ಆಸೆಗೆ ಅವಳ ಕುತ್ತಿಗೆ ಹಿಸುಕಿದ. ಹುದ್ದಾರರು ಜೈಲಿಗೆ ಹೋಗಿ ಅವನ ಎದುರು ಕೂತು, ಅವನ ಮಾತು ಕೇಳಿ ಕೇಳಿ ನನ್ನನ್ನು ಬರೆದರು.

ನನ್ನಲ್ಲಿ ಒಂದು ವಾಕ್ಯವಿದೆ. ನನಗೆ ಅದರ ಮೇಲೆ ಬಹಳ ಹೆಮ್ಮೆಯಿತ್ತು. "ಆ ಮಧ್ಯಾಹ್ನ ನೀಲವ್ವನ ಖಾನಾವಳಿಯ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಒಬ್ಬನೇ ಒಬ್ಬ ಗಂಡಸಿದ್ದ." ಅಷ್ಟೇ. ಇದನ್ನು ಓದಿದವರು ತಕ್ಷಣ ಪುಟ ತಿರುವುತ್ತಿರಲಿಲ್ಲ. ಒಂದು ಕ್ಷಣ ನಿಂತು, ಏನೋ ಅರ್ಥವಾದವರಂತೆ "ಹೂಂ..." ಎನ್ನುತ್ತಿದ್ದರು.

ಮೊದಲು ನಾನು ಸೇರಿದ್ದು ಚಂಬಣ್ಣನ ಬಾಡಿಗೆ ಪುಸ್ತಕದ ಅಂಗಡಿಗೆ. ಖಾಕಿ ಕಾಗದದ ಅಂಗಿ ತೊಡಿಸಿದ. ಆಮೇಲೆ ನನಗೆ ಕೂತು ಉಸಿರಾಡಲೂ ಪುರುಸೊತ್ತು ಕೊಡಲಿಲ್ಲ ಜನ. ಒಬ್ಬಳು ಹೊಸ ಸೊಸೆ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟು ಓದಿದಳು. ಅವಳ ಅತ್ತೆ ಅದೇ ಡಬ್ಬಿಯ ಹಿಂದಿನಿಂದ ತೆಗೆದು ಓದಿದಳು. ಇಬ್ಬರೂ ಮಾರ್ತಾಂಡಪ್ಪನಿಗಾಗಿ ಅತ್ತರು. ಹುದ್ದಾರರು ಹಾಗೆ ಬರೆದಿದ್ದರು ಬಿಡಿ. ತಾಯಿಯಿಲ್ಲದ ಅವನ ಬಾಲ್ಯ, ಗುಬ್ಬಿಗೆ ಅಕ್ಕಿ ಹಾಕುತ್ತಿದ್ದ ಅವನ ಬೆರಳು, ಜೈಲಿನಲ್ಲಿ ಶ್ರುತಿಪೆಟ್ಟಿಗೆ ಕೇಳಿ ಅವನು ಬಿಕ್ಕಿದ್ದು. ಆ ಅರ್ಧ ಬಾಗಿಲಿನ ವಾಕ್ಯಕ್ಕೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ "ಇವಳೂ ಸರಿ ಇರಲಿಲ್ಲ" ಎಂದು ಬರೆದರು. ಅದರ ಕೆಳಗೆ ಇನ್ನೊಬ್ಬರ ಅಕ್ಷರ: "ಖರೆ."

ಟಿ.ವಿ. ಬಂದು ಚಂಬಣ್ಣ ಅಂಗಡಿ ಮುಚ್ಚಿದ. ನಾನು ಫುಟ್‌ಪಾತಿಗೆ ಬಿದ್ದೆ. ಎಷ್ಟೋ ವರ್ಷ ಬಿಸಿಲು ತಿಂದೆ, ಧೂಳು ತಿಂದೆ, ಹಿಂದಿನ ರಟ್ಟು ಕಳೆದುಕೊಂಡೆ. ಒಂದು ದಿನ ಹತ್ತಿಯ ಸೀರೆಯ ಹೆಂಗಸೊಬ್ಬಳು ನನ್ನನ್ನು ಕೈಗೆತ್ತಿಕೊಂಡಳು. ನೇರವಾಗಿ ಅರ್ಧ ಬಾಗಿಲಿನ ಆ ಪುಟವನ್ನೇ ತೆರೆದಳು. ಪೆನ್ಸಿಲಿನ ಬರಹ ಓದಿದಳು. ಅಳಿಸುತ್ತಾಳೆ ಅಂದುಕೊಂಡೆ. ಇಲ್ಲ, ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಅವಳು ಕಸ್ತೂರಿ, ನೀಲವ್ವನ ಮಗಳು. ತಾಯಿ ಸತ್ತಾಗ ಚಿಕ್ಕವಳು. ವಿಜಯಪುರದ ಚಿಕ್ಕಮ್ಮನ ಮನೆಯಲ್ಲಿ ಬೆಳೆದು, ಓದಿ, ಈಗ ಇದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಅವಳು ಯಾರ ಮಗಳೆಂದು ಕಾಲೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು: ‘ಹಾರ್ಮೋನಿಯಂ ಹಂತಕ’ ಮತ್ತೆ ಅಚ್ಚಾಗಲಿದೆ. ನನಗೋ ಹಿಗ್ಗು. ಕಸ್ತೂರಿಗೆ ಅನ್ನ ಸೇರಲಿಲ್ಲ.

ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು: "ಹೋಗಿ ಕೇಳವಾ ಅವ್ರನ್ನ. ನಾನು ನೀಲವ್ವನ ಮಗಳು, ಆ ಮಾತು ತೆಗೀರಿ ಅನ್ನು. ತೆಗೀತಾರ."

"ಮಗಳು ಅಂತ ಕೇಳಿದ್ರ ಅಯ್ಯೋ ಪಾಪ ಅಂತ ತೆಗೀತಾರ ಚಿಗವ್ವ. ನನಗ ಅವರ ಅಯ್ಯೋ ಪಾಪ ಬ್ಯಾಡ. ಓದಿ, ತಪ್ಪು ಕಂಡು ತೆಗೀಬೇಕು."

ಹಾಗಾಗಿ ನಾನು ಕಾಲೇಜು ಮೆಟ್ಟಿಲು ಹತ್ತಿದೆ. ಕೊಲೆಯ ಬರವಣಿಗೆಯನ್ನು ಓದುವುದು ಹೇಗೆ ಎಂಬುದು ಪಾಠ. ಹುಡುಗ ಹುಡುಗಿಯರು ನನ್ನನ್ನು ಹಂಚಿಕೊಂಡು ಓದಿದರು. ಮೊದಮೊದಲು ಅವರಿಗೂ ಮಾರ್ತಾಂಡಪ್ಪನೇ ಬೇಕು. "ಮೇಡಂ, ಏನ್ ಛಂದ ಬರದಾರ್ರೀ ಅವನ ಬೆರಳ ಬಗ್ಗೆ!" ಎಂದ ವಿನಾಯಕ ಬಡಿಗೇರ.

ಕಸ್ತೂರಿ ಸಿಟ್ಟಾಗಲಿಲ್ಲ. "ಛಂದ ಅದ. ಈಗ ನೀಲವ್ವನ ಬೆರಳು ಎಲ್ಲಿ ಅದಾವ ಹುಡುಕ್ರಿ" ಎಂದಳು.

ಅವರು ಹುಡುಕಿದರು. ನನ್ನನ್ನು ಹಿಂದೆ ಮುಂದೆ ತಿರುವಿ ಹಾಕಿದರು. ನನಗೇ ಮುಜುಗರವಾಯಿತು ನೋಡಿ. ದಿನವೂ ರೊಟ್ಟಿ ಬಡಿಯುತ್ತಿದ್ದ ಕೈ, ಅದರ ಬಗ್ಗೆ ನನ್ನಲ್ಲಿ ಏನೂ ಇಲ್ಲ. ಪಾಟ್ಲಿಗಳಿವೆ, ಕೈಯಿಲ್ಲ. ಅವಳು ಹೆಣವಾಗಿಯೇ ನನ್ನೊಳಗೆ ಬರುತ್ತಾಳೆ. ದಿಲ್‌ಶಾದ್ ಎಂಬ ಹುಡುಗಿ ಕೈ ಎತ್ತಿದಳು: "ಮೇಡಂ, ಕೊಂದಾಂವಗ ಬಾಲ್ಯ ಕೊಟ್ಟಾರ, ಸತ್ತಾಕಿಗೆ ಬರೇ ಒಂದು ಬಾಗಿಲು ಕೊಟ್ಟಾರ. ಅದೂ ಅರ್ಧ." ಕಸ್ತೂರಿ ಆ ಮಾತನ್ನು ಹಾಗೆಯೇ ಹಲಗೆಯ ಮೇಲೆ ಬರೆದಳು.

ಹುದ್ದಾರರನ್ನು ಕಾಲೇಜಿಗೆ ಸಂವಾದಕ್ಕೆ ಕರೆದರು. ಬಂದರು, ಬಿಳಿ ಕೂದಲು, ಕೈಯಲ್ಲಿ ಕೋಲು. ನನ್ನನ್ನು ಕಂಡು, "ಅರೆ, ಮೊದಲ ಅಚ್ಚಿನ ಪ್ರತಿ! ಎಲ್ಲಿ ಸಿಕ್ತು?" ಎಂದು ಮಗುವಿನ ತಲೆ ಸವರಿದಂತೆ ಸವರಿದರು. ನನ್ನ ಕಣ್ಣು ತುಂಬಿ ಬಂತು, ಎಷ್ಟಾದರೂ ಹೆತ್ತವರು. ದಿಲ್‌ಶಾದ್ ಆ ಅರ್ಧ ಬಾಗಿಲಿನ ಪ್ರಶ್ನೆಯನ್ನೇ ಕೇಳಿದಳು. ಅವರು ನಕ್ಕರು.

"ನೋಡವಾ, ಅದು ಕಲಾ. ಓದುಗಗ ಒಂದೀಟು ಅನುಮಾನ ಬೇಕಾಗ್ತದ. ನಾ ಸುಳ್ಳು ಬರದಿಲ್ಲ. ಬಾಗಿಲು ಅರ್ಧ ಮುಚ್ಚಿದ್ದು ಖರೆ."

"ಖರೆನ ಸರ್" ಎಂದಳು ಕಸ್ತೂರಿ. ದನಿ ಪಾಠ ಹೇಳುವ ದನಿಯೇ. "ಊಟದ ಹೊತ್ತು ಮುಗದ ಮ್ಯಾಲ ನಮ್ಮೂರ ಖಾನಾವಳಿಯವರು ಒಂದು ಕದ ಹಾಕ್ತಾರ, ಒಂದು ಕದ ತಗದಿಡ್ತಾರ. ತಡ ಆಗಿ ಬಂದವರು ಹಸದು ಹೋಗಬಾರದು ಅಂತ. ಇದು ನಿಮಗೂ ಗೊತ್ತಿತ್ತು."

"ಗೊತ್ತಿರಬಹುದು..."

"ಆ ಒಂದು ಕದದಾಗ ದಿನಾ ಮಧ್ಯಾಹ್ನ ಒಬ್ಬ ತರುಣ ವರದಿಗಾರ ಬರ್ತಿದ್ದರು. ಕೋರ್ಟಿನ ಕೆಲಸ ಮುಗಿಸಿ, ಬೆವರು ಒರಸಿಕೋತ. ನೀಲವ್ವ ಅವರಿಗಂತ ಎಣ್ಣೆಗಾಯಿ ಎತ್ತಿಡ್ತಿದ್ದರು. ಆ ಹೊತ್ತಿಗೆ ಒಳಗ ಒಬ್ಬರೇ ಗಂಡಸರು, ಅವರೊಬ್ಬರೇ. ಅವರು ಈ ಪುಸ್ತಕದಾಗ ಯಾಕಿಲ್ಲ ಸರ್?"

ಹುದ್ದಾರರ ಕೈ ನನ್ನ ಮೇಲೆಯೇ ಇತ್ತು. ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

"ನೀ... ಕಸ್ತೂರಿ ಏನು? ನೀರಿನ ತಂಬಿಗಿ ತಂದಿಡ್ತಿದ್ದಿ."

"ಹೂಂರೀ. ನೀವು ಎರಡ ತಂಬಿಗಿ ಕುಡೀತಿದ್ರಿ."

ಮುದುಕರು ಜೇಬಿನಿಂದ ಪೆನ್ನು ತೆಗೆದರು, ಆ ಪುಟ ಬಿಚ್ಚಿದರು, ಹೊಡೆದು ಹಾಕಲು ನಿಬ್ಬು ಊರಿದರು. ಈ ಮುಪ್ಪಿನಲ್ಲಿ ನನ್ನ ಪ್ರಾಣವೇ ಹೋಗುತ್ತದೆ ಅಂದುಕೊಂಡೆ. ಕಸ್ತೂರಿಗೆ ಇಷ್ಟು ದಿನ ಬೇಕಾಗಿದ್ದದ್ದೂ ಇದೇ. ಆದರೆ ಅವಳು ಮುಂದೆ ಬಂದು ಪುಟದ ಮೇಲೆ ಅಂಗೈ ಇಟ್ಟಳು.

"ಹೊಡೀಬ್ಯಾಡ್ರಿ ಸರ್. ಬಾಗಿಲು ಹಂಗ ಇರಲಿ. ನಮ್ಮವ್ವ ತಗದಿಟ್ಟದ್ದು ಅದು. ನೀವು ಒಳಗ ಬರ್ರಿ."

ಹುದ್ದಾರರು ತಲೆ ತಗ್ಗಿಸಿ ಕೂತರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. "ಹೌದವಾ, ನಾ ಉಂಡೇನಿ ಅಲ್ಲೆ" ಎಂದರು.

ಹೊಸ ಅಚ್ಚು ಬಂದಿದೆ. ಈಗ ಕಸ್ತೂರಿಯ ಮನೆಯ ಕಪಾಟಿನ ಮೂಲೆಯಲ್ಲಿ ನಾವಿಬ್ಬರೂ ಒತ್ತೊತ್ತಾಗಿ ನಿಂತಿದ್ದೇವೆ. ಅದು ನುಣುಪು ಮೈಯ ಹುಡುಗ, ನಾನು ರಟ್ಟು ಹೋದ ಮುದುಕ. ಮೊದಲು ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ. ನನ್ನಲ್ಲಿ ಪೆನ್ಸಿಲಿನ ಆ ಎರಡು ಬರಹಗಳು ಹಾಗೇ ಇವೆ, ಕಸ್ತೂರಿ ಅಳಿಸಿಲ್ಲ. ಮಕ್ಕಳಿಗೆ ಪಾಠ ಮಾಡುವಾಗ ನಮ್ಮಿಬ್ಬರನ್ನೂ ಒಯ್ಯುತ್ತಾಳೆ. ಮೊದಲು ನನ್ನನ್ನು ತೆರೆಯುತ್ತಾಳೆ, ಆಮೇಲೆ ಅವನನ್ನು. ಹುದ್ದಾರರು ಬರೆದು ಸೇರಿಸಿದ ಅವನ ಆ ಪುಟವನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ:

"ಆ ಮಧ್ಯಾಹ್ನ ನೀಲವ್ವನ ಖಾನಾವಳಿಯ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಒಬ್ಬನೇ ಒಬ್ಬ ಗಂಡಸಿದ್ದ. ಹಿಂದಿನ ಮಧ್ಯಾಹ್ನ ಆ ಗಂಡಸು ನಾನಾಗಿದ್ದೆ. ಹಸಿದಿದ್ದೆ. ಆಕೆ ರೊಟ್ಟಿ ಬಡಿದು ಹಾಕಿದಳು."