ಒಳಗೆ ಮೂರು, ಹೊರಗೆ ಒಂದು

"ಆ ಕಡೆ ಮೂಲೆ ಸ್ವಲ್ಪ ಎಳೆದು ಹಿಡಿ, ಮಗಳೇ," ಎಂದ ಇಸ್ತ್ರಿಯಣ್ಣ.

ಸತ್ತವಳ ಮಗಳು ಎಳೆದು ಹಿಡಿದಳು. ಊಟದ ಮೇಜಿನ ಮೇಲೆ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಬಿಳಿ ಚಾದರ ಹರವಿ, ಆ ಮುದುಕ ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದ. ಸಾವಿನ ಮನೆಗೆ ಬಂದವನು ಕೂರಲಿಲ್ಲ, ನೀರು ಬೇಕೆನ್ನಲಿಲ್ಲ. ಮಂಚದತ್ತ ಒಂದು ಸಲ ನೋಡಿ, ಇಸ್ತ್ರಿಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ್ದ.

"ಬೇಜಾರು ಮಾಡ್ಕೋಬೇಡ. ಇಷ್ಟು ಮುದುಡಿರೋ ಚಾದರ ಹೊದ್ಕೊಂಡು ನಿಮ್ಮಮ್ಮ ಹೊರಡೋಳಲ್ಲ. ಹೊರಟ್ರೂ ದಾರಿಯುದ್ದಕ್ಕೂ ನನ್ನೇ ಬೈತಾಳೆ."

"ನೀವು ಯಾರು ಅಂತ ಗೊತ್ತಾಗ್ಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೊಲಿಗೆಯಮ್ಮ ಅವನನ್ನು ಕಂಡಳು. ಕೆಲಸದಲ್ಲಿದ್ದಾಗ ಅವಳು ಆಸ್ಪತ್ರೆಯ ಹರಿದ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದಳು. ಅವಳ ಹಿಂದೆ ಕೋಲೂರಿಕೊಂಡು ಬಂದವನು ಮೋಟಾರಣ್ಣ, ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು.

"ಇವನೇ ಕಣೇ," ಎಂದಳು ಹೊಲಿಗೆಯಮ್ಮ ಮಗಳಿಗೆ. "ಹೊರಗೆ ಹೋದವನು."

ಮಗಳ ಕೈಯಿಂದ ಚಾದರದ ಮೂಲೆ ಜಾರಿತು. "ನೀವು ನಿಜವಾಗ್ಲೂ ಇದ್ದೀರಾ? ಅಮ್ಮ ಕಟ್ಟಿದ ಕಥೆ ಅಂದ್ಕೊಂಡಿದ್ದೆ."

*

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ದುಂಡು ಗಾಜಿನ ಬಾಗಿಲಿನ ದೊಡ್ಡ ಯಂತ್ರ ಒಂದು ಸಲ ತಿರುಗಿ ಮುಗಿಸಲು ನಲವತ್ತೆರಡು ನಿಮಿಷ ಹಿಡಿಯುತ್ತಿತ್ತು. ಆ ನಲವತ್ತೆರಡು ನಿಮಿಷ ನಾಲ್ವರಿಗೂ ಕೈ ಖಾಲಿ. ಒಂದು ಮಧ್ಯಾಹ್ನ ಮೇಲ್ವಿಚಾರಕಿ, ಈಗ ಮಂಚದ ಮೇಲಿರುವವಳು, ಆ ಗಾಜಿನೊಳಗೆ ಇಣುಕುತ್ತ, "ನಾವು ನಾಲ್ಕು ಜನಾನೂ ಒಂದು ಹಡಗಲ್ಲಿ ಕೂತು ನಕ್ಷತ್ರಗಳ ಕಡೆ ಹೋಗ್ತಿದ್ದೀವಿ ಅಂದ್ಕೊಳ್ಳಿ. ಆಮೇಲೆ?" ಎಂದಳು. ಅವತ್ತಿನಿಂದ ಅವಳ ಹೆಸರು ಕ್ಯಾಪ್ಟನ್ ಎಂದಾಯಿತು.

ಹಡಗು ಹೊರಡುವುದೇ ತಡವಾಯಿತು. ಶೌಚಾಲಯ ಎಲ್ಲಿ ಎಂದು ಹೊಲಿಗೆಯಮ್ಮ ಪಟ್ಟು ಹಿಡಿದಳು, ಅದಕ್ಕೇ ಎರಡು ದಿನ ಹೋಯಿತು. ಹಬೆಯಿಂದ ಓಡುವ ಹಡಗು ಚಂದ್ರನನ್ನೂ ದಾಟುವುದಿಲ್ಲ ಎಂದು ಮೋಟಾರಣ್ಣ ತಕರಾರು ತೆಗೆದ. ಯಂತ್ರ ತಿರುಗುವಾಗ ಮಾತ್ರ ಕಥೆ ನಡೆಯಬೇಕು, ಯಂತ್ರದ ಗಂಟೆ ಹೊಡೆಯಿತೋ ಅರ್ಧ ಮಾತಿನಲ್ಲೇ ನಿಲ್ಲಿಸಬೇಕು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಬೇಕು ಎಂಬುದು ಕ್ಯಾಪ್ಟನ್ ಮಾಡಿದ ನಿಯಮ. ಒಂದು ಶನಿವಾರ ಮೋಟಾರಣ್ಣ ಹಡಗಿನಲ್ಲಿ ಚಮಚ ಬಾಯಿಗಿಡುವಾಗ ಗಂಟೆ ಹೊಡೆಯಿತು. ಸೋಮವಾರ ಬಂದವನೇ, "ಭಾನುವಾರ ಪೂರ್ತಿ ಹೊಟ್ಟೆಗಿಲ್ಲದೆ ಸತ್ತೆ," ಎಂದು ಗೊಣಗಿದ.

ಹೀಗೇ ಆರು ವರ್ಷ ಕಳೆಯಿತು. ಒಂದು ಬೆಳಗ್ಗೆ ಇಸ್ತ್ರಿಯಣ್ಣ ಮೇಲಿನ ಕಾರಿಡಾರಿನಲ್ಲಿ ಆಳೆತ್ತರದ ಮರದ ಪೆಟ್ಟಿಗೆಯೊಂದನ್ನು ಕಂಡ. ಹೊಸ ಇಸ್ತ್ರಿ ಯಂತ್ರ, ಆರು ಜನರ ಕೆಲಸ ಒಂದೇ ಮಾಡುತ್ತದೆ ಎಂದು ಉಗ್ರಾಣದ ಗುಮಾಸ್ತ ಹೇಳಿದ. ಇಸ್ತ್ರಿಯಣ್ಣ ಯಾರಿಗೂ ಹೇಳದೆ ಕೆಳಗಿಳಿದು ಬಂದ. ಯಂತ್ರ ತಿರುಗತೊಡಗಿತು, ಕಥೆ ಶುರುವಾಯಿತು.

"ಕ್ಯಾಪ್ಟನ್, ನನಗೇನು ಕೆಲಸ ಕೊಡ್ತೀಯ?"

"ಭಾರವೇ ಇಲ್ಲದ ಜಾಗದಲ್ಲಿ ಬಟ್ಟೆ ಎಲ್ಲಿ ಮುದುಡುತ್ತೆ? ಇಲ್ಲಿ ಇಸ್ತ್ರಿಯವನು ದಂಡ ಕಣೋ. ಹೊರಗೆ ಹೋಗಿ ಕಿಟಕಿಯಾದ್ರೂ ಒರೆಸು."

ಎಲ್ಲರೂ ನಕ್ಕರು. ಹೊಸ ಯಂತ್ರದ ವಿಷಯ ಇವಳಿಗೆ ಮೊದಲೇ ಗೊತ್ತಿದೆ, ನೇರವಾಗಿ ಹೇಳಲಾರದೆ ಹೀಗೆ ಹೇಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, "ಹೊರಗೆ ಹೋಗ್ತೀನಿ," ಎಂದ. ಅದೂ ಕಥೆಯ ಭಾಗವೆಂದೇ ಉಳಿದವರು ತಿಳಿದರು. "ಹಗ್ಗ ಕಟ್ಕೊಂಡು ಹೋಗಪ್ಪ, ತೇಲಿಬಿಟ್ಟೀಯ," ಎಂದು ಹೊಲಿಗೆಯಮ್ಮ ಕೂಗಿದಳು. ಮೆಟ್ಟಿಲು ಹತ್ತಿ ಮುಗಿಯುವವರೆಗೂ ಅವನಿಗೆ ಆ ನಗು ಕೇಳಿಸುತ್ತಿತ್ತು. ಅವನು ಮತ್ತೆ ಇಳಿದು ಹೋಗಲಿಲ್ಲ.

*

ಅದಾಗಿ ಈಗ ಇಪ್ಪತ್ತು ವರ್ಷವಾಗಿತ್ತು. ಚಾದರದ ಒಂದು ಮಗ್ಗುಲು ಮುಗಿಸಿ ಅವನು ಇನ್ನೊಂದಕ್ಕೆ ತಿರುಗಿಸಿದ. ಒಂದು ಮಾತು ಕೇಳಬೇಕೆಂದೇ ಬಂದಿದ್ದ. ಶವದ ವಾಹನ ಬಂದು ಕ್ಯಾಪ್ಟನ್‌ಳನ್ನು ಒಯ್ದ ಮೇಲೆ ಕೇಳಿಯೂ ಪ್ರಯೋಜನವಿರಲಿಲ್ಲ.

"ಆಮೇಲೆ ಕಥೆ ಏನಾಯ್ತು?" ಎಂದ, ತಲೆ ಎತ್ತದೆ.

"ಏನಾಗುತ್ತೆ? ನಿಂತೋಯ್ತು," ಎಂದ ಮೋಟಾರಣ್ಣ. "ಮನುಷ್ಯ ಹೊರಗಿದ್ದಾನೆ, ಬಿಟ್ಟು ಹೋಗೋಕಾಗುತ್ತಾ ಅಂತ ಕೂತ್ಲು ನಿನ್ನ ಕ್ಯಾಪ್ಟನ್. ನಿವೃತ್ತಿ ಆಗೋವರೆಗೂ, ಹದಿಮೂರು ವರ್ಷ, ಹಡಗು ಒಂದಿಂಚು ಕದಲಲಿಲ್ಲ. ದಿನಾ ಯಂತ್ರ ತಿರುಗ್ತಿದ್ದಂಗೆ ಬಾಗಿಲು ತೆಗೆದಿದೆಯಾ ಅಂತ ಕೇಳೋಳು. ತೆಗೆದಿದೆ ಅಂತ ನಾವು ಹೇಳ್ಬೇಕು. ನಕ್ಷತ್ರಗಳು ಕಾಯ್ತಾ ಇವೆ ಮಾರಾಯ್ತಿ ಅಂದ್ರೆ, ಕಾಯ್ಲಿ, ಅವಕ್ಕೇನು ಬೇರೆ ಕೆಲಸ ಅನ್ನೋಳು."

"ಅವಳೇ ತಾನೆ ಕಳಿಸಿದ್ದು," ಎಂದ ಇಸ್ತ್ರಿಯಣ್ಣ. "ಆ ಯಂತ್ರ ಬರೋದು ಗೊತ್ತಿದ್ದೇ."

ಹೊಲಿಗೆಯಮ್ಮ ಅವನ ಹತ್ತಿರ ಬಂದಳು. "ಇಪ್ಪತ್ತು ವರ್ಷ ಇದನ್ನೇ ಹೊಟ್ಟೇಲಿ ಇಟ್ಕೊಂಡಿದ್ಯಾ? ಆ ಯಂತ್ರದ ಪೆಟ್ಟಿಗೆ ಕೆಳಗೆ ಬಂದಿದ್ದೇ ಮಾರನೇ ದಿನ. ಬಿಚ್ಚಿ ನೋಡಿದ ಮೇಲೇ ಅವಳಿಗೆ ಗೊತ್ತಾಗಿದ್ದು. ನಾನೇನು ಅಂದುಬಿಟ್ಟೆ ಅಂತ ನಿನ್ನ ಏಪ್ರನ್ ಹಿಡ್ಕೊಂಡು ಅತ್ಲು ಕಣೋ. ಅದನ್ನ ಹೇಳೋಕೇ ಅವಳು ನಿನ್ನ ಮನೆಗೆ ಬಂದಿದ್ದು, ಎರಡು ಸಲ. ನೀನು ಊರಲ್ಲೇ ಇರಲಿಲ್ಲವಂತೆ."

"ಇದ್ದೆ," ಎಂದ ಅವನು. "ಎರಡು ಸಲಾನೂ ಒಳಗಿನ ಕೋಣೇಲೇ ಇದ್ದೆ. ಹೆಂಡತಿ ಕೈಲಿ ಇಲ್ಲ ಅನ್ನಿಸಿದೆ. ಅವಳ ಮಾತು ಕೇಳಿಸ್ತಿತ್ತು."

ಅವನ ಕೈ ನಿಂತುಬಿಟ್ಟಿತು. ಬಿಸಿ ಬಟ್ಟೆಯ ವಾಸನೆ ಏಳುವಷ್ಟರಲ್ಲಿ ಹೊಲಿಗೆಯಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಅವನು ಮೇಜಿಗೆ ಎರಡೂ ಕೈ ಊರಿ ಅತ್ತ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಉಳಿದ ಮೂಲೆಯನ್ನೂ ಇಸ್ತ್ರಿ ಮಾಡಿ ಮುಗಿಸಿದ. ಅವನೂ ಹೊಲಿಗೆಯಮ್ಮನೂ ಚಾದರವನ್ನು ನಾಲ್ಕು ಮೂಲೆ ಹಿಡಿದು ಒಯ್ದು ಕ್ಯಾಪ್ಟನ್‌ಗೆ ಹೊದಿಸಿದರು. ಒಂದು ಸುಕ್ಕೂ ಇರಲಿಲ್ಲ.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಮಗಳು ಅಡುಗೆಮನೆಯ ಗೋಡೆಯಿಂದ ಒಂದು ಹಳೆಯ ಸ್ಲೇಟು ತಂದು ಅವನ ಮುಂದೆ ಹಿಡಿದಳು. ಬಟ್ಟೆ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ವಿಭಾಗದಲ್ಲಿ ಬರೆದಿಡುತ್ತಿದ್ದ ಸ್ಲೇಟು ಅದು, ನಿವೃತ್ತಿಯಾದಾಗ ಕ್ಯಾಪ್ಟನ್ ಮನೆಗೆ ತಂದದ್ದು. ಮೇಲಿನ ಸಾಲುಗಳೆಲ್ಲ ಅಳಿಸಿಹೋಗಿದ್ದವು. ಕೊನೆಯ ಸಾಲು ಮಾತ್ರ ಇತ್ತು: ಒಳಗೆ ೩, ಹೊರಗೆ ೧.

"ಮಾಸಿದಾಗೆಲ್ಲ ಅಮ್ಮ ತಿದ್ದಿ ಬರೀತಿದ್ರು. ಮುಟ್ಟೋಕೂ ಬಿಡ್ತಿರಲಿಲ್ಲ," ಎಂದಳು ಮಗಳು. "ಈಗ ನೀವು ಬಂದ್ರಲ್ಲ. ಅಮ್ಮ ಇನ್ನೂ ಮನೇಲಿರೋವಾಗಲೇ ನೀವೇ ಅಳಿಸಿಬಿಡಿ." ಒದ್ದೆ ಬಟ್ಟೆಯನ್ನು ಅವನ ಕೈಗಿಟ್ಟಳು.

ಇಸ್ತ್ರಿಯಣ್ಣ ಸ್ಲೇಟನ್ನು ನೋಡಿದ. ಹೊಲಿಗೆಯಮ್ಮನನ್ನು ನೋಡಿದ, ಮೋಟಾರಣ್ಣನನ್ನು ನೋಡಿದ, ತನ್ನ ಎದೆಯ ಮೇಲೆ ಒಮ್ಮೆ ಬೆರಳಿಟ್ಟುಕೊಂಡ. ಆಮೇಲೆ ಬಿಳಿ ಚಾದರದತ್ತ ನೋಡಿದ.

"ಸರಿಯಾಗೇ ಇದೆ, ಬಿಡು," ಎಂದ.

ಒದ್ದೆ ಬಟ್ಟೆಯನ್ನು ಮಗಳಿಗೇ ಹಿಂತಿರುಗಿಸಿ ಸೀಮೆಸುಣ್ಣ ಕೇಳಿ ತೆಗೆದುಕೊಂಡ. ಮಾಸಿದ್ದ ೧ರ ಮೇಲೆ ನಿಧಾನವಾಗಿ ಇನ್ನೊಮ್ಮೆ ತಿದ್ದಿ, ಸ್ಲೇಟನ್ನು ಅದರ ಮೊಳೆಗೇ ಸಿಕ್ಕಿಸಿದ. ಕ್ಯಾಪ್ಟನ್‌ಳನ್ನು ಎತ್ತಿಕೊಂಡು ಹೊರಟಾಗ ಹಿಂದಿನಿಂದ ಯಾರೋ ಬಾಗಿಲು ಎಳೆಯಹೋದರು. ಮೋಟಾರಣ್ಣ ತನ್ನ ಕೋಲನ್ನು ಅಡ್ಡ ಇಟ್ಟು ಅದನ್ನು ತೆರೆದೇ ಇರಿಸಿದ.